ಆರ್‌ಎಕ್ಸ್ ಗಾಡಿಗೆ ಒಂದಿಷ್ಟು ಮಣ್ಣು ಕೊಡಿ

ಇಲ್ಲಿ ಏನೂ ಬರೆಯದೆ ಹತ್ತಿರ ಹತ್ತಿರ ಒಂದು ವರ್ಷ ಆಯ್ತು. ಆಫೀಸಿನ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದು. ನಿಜ ಏನಪ್ಪಾ ಅಂದ್ರೆ, ಸಿಕ್ಕ ಶನಿವಾರ ಭಾನುವಾರ ಎಲ್ಲಾ ಒಂದು ಹಳೆ ಬೈಕಿನ ಹೊಟ್ಟೆಗೆ ಹೋಯ್ತು. ಉಗುರಿನ ಸಂದಿಯ ಗ್ರೀಸ್ ಇನ್ನೂ ಹೋಗಿಲ್ಲ, ಕೀಬೋರ್ಡಿನ ಕೆಲವು ಕೀಗಳು ಕಪ್ಪಾಗಿವೆ :)

ಬೈಕು ನಮ್ಮ ಕಾಕಾಂದು. ಯಮಹಾ ಆರ್‌ಎಕ್ಸ್ 100, 1992ರ ಮಾಡೆಲ್ಲು. ಸಂತಪುರದಲ್ಲಿ ನಮ್ಮ ಮನೆ ಹಿಂದಿನ ದನದ ಕೊಟ್ಟಿಗೆಯಲ್ಲಿ ಹದಿನೈದು ವರ್ಷದ ಮೇಲೆ ಬಿದ್ದಿತ್ತು. ಸೀಟಿನ ಸ್ಪಂಜಿನಲ್ಲಿ ಇಲಿ ಸಂಸಾರ ಮಾಡಿತ್ತು, ಕೋಳಿ ಟ್ಯಾಂಕಿನ ಮೇಲೆ ಕೂತು ಕೂತು ಅದರ ಬಣ್ಣ ಯಾವುದು ಅನ್ನೋದೇ ಮರೆತುಹೋಗಿತ್ತು. ಆರ್‌ಸಿ ನವೀಕರಣ ಮಾಡಿಸಿಯೇ ಇರಲಿಲ್ಲ. ನಾನು ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಓದುವಾಗ ಒಂದೆರಡು ಸಲ ಕೇಳಿದ್ದೆ, ಕಾಕಾ ಕೊಟ್ಟಿರಲಿಲ್ಲ. "ಮದಲ ಡಿಗ್ರಿ ತಗಿ, ಆಮ್ಯಾಲ ನೋಡಮು" ಅಂದಿದ್ರು. ಡಿಗ್ರಿ ತೆಗೆದೆ, ಬೆಂಗಳೂರಿಗೆ ಹೋದೆ, ಬೈಕು ಮರೆತೆ.

ಅದನ್ನ ಮತ್ತೆ ನೆನಪು ಮಾಡಿದ್ದು ಒಂದು ಅಪಘಾತ. 2025ರ ಜನವರಿ. ನಮ್ಮ ಕಡೆ ಅದು ಕಬ್ಬಿನ ಸೀಜನ್. ಬೀದರ್-ಔರಾದ್ ರಸ್ತೆಯಲ್ಲಿ ರಾತ್ರಿ ಹೊತ್ತು ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗ್ತಿರ್ತವೆ. ಅದೇ ರಸ್ತೆಯಲ್ಲಿ ಕಾಕಾನ ಮಗ, ಅಂದ್ರೆ ನನ್ನ ತಮ್ಮ, ಹತ್ತೊಂಬತ್ತು ವರ್ಷದವನು, ಮತ್ತವನ ದೋಸ್ತ್ ಎರಡು ಬೈಕಿನಲ್ಲಿ ರೇಸ್ ಹಚ್ಚಿದ್ರು. ತಮ್ಮ ಹಿಂದೆ ಇದ್ದ, ಉಳಿದ. ಮುಂದಿದ್ದ ಹುಡುಗ ಟ್ರಾಲಿಗೆ ಹೋಗಿ ಹೊಡೆದ. ಜೀವ ಉಳೀತು. ತೊಡೆಯಲ್ಲಿ ರಾಡು, ಮೂರು ತಿಂಗಳು ಹಾಸಿಗೆ, ಮನೆಯವರು ಮಾರಿದ ಒಂದು ಎಮ್ಮೆ, ಒತ್ತೆ ಇಟ್ಟ ಬಂಗಾರ.

ಇಷ್ಟಾದ ಮೇಲೆ ತಮ್ಮ ಯುಗಾದಿಗೆ ನನ್ನ ಹತ್ರ ಬಂದು ಕೇಳಿದ್ದೇನು ಗೊತ್ತಾ? "ಅಣ್ಣಾ, ನಮ್ಮ ಆರ್‌ಎಕ್ಸ್ ಚಾಲೂ ಮಾಡಿ ಕೊಡು."

ಕಾಕಾ ಅಲ್ಲೇ ಇದ್ರು. "ಇದು ಮನ್ಯಾಗ ಇದ್ರ ಒಂದಿನ ನನ್ನ ಮಗನ್ನ ತಿಂತದ. ನಾಳಿಗಿ ಗುಜರಿಗಿ ಹಾಕ್ತೀನಿ" ಅಂದ್ರು.

ಇಬ್ಬರಲ್ಲಿ ಯಾರದು ಸರಿ? ಮೊದಲು ನಾನೂ ಕಾಕಾನ ಕಡೆಯೇ ಇದ್ದೆ. ಆದ್ರೆ ಯೋಚನೆ ಮಾಡಿದ ಹಾಗೆ ಅನಿಸಿತು, ಗುಜರಿಗೆ ಹಾಕಿದ್ರೆ ಈ ಹುಡುಗ ಬೇರೆ ಬೈಕು ಹುಡುಕ್ತಾನೆ, ಅದೇ ರೋಡಿಗೆ ಹೋಗ್ತಾನೆ. ಬೈಕು ಹೋಗುತ್ತೆ, ಚಟ ಇರುತ್ತೆ. ಅದಕ್ಕೇ ಒಂದು ಮೂರನೇ ದಾರಿ ಹೇಳಿದೆ. ಗಾಡಿ ರೆಡಿ ಮಾಡೋಣ, ಆದ್ರೆ ಮಣ್ಣಿಗೆ ಮಾತ್ರ. ಹೆಡ್‌ಲೈಟು, ಇಂಡಿಕೇಟರು, ನಂಬರ್ ಪ್ಲೇಟು ಯಾವುದೂ ಇರಲ್ಲ. ರೋಡಿಗೆ ಇಳಿಸಿದ್ರೆ ಮೊದಲನೇ ಪೊಲೀಸಪ್ಪನೇ ಹಿಡಿದು ನಿಲ್ಲಿಸಬೇಕು, ಹಾಗೆ ಮಾಡೋಣ. ಎಲ್ಲಿಗೆ ಹೋದ್ರೂ ಛೋಟಾ ಹಾಥಿಯಲ್ಲಿ ಹಾಕಿಕೊಂಡೇ ಹೋಗಬೇಕು. ಕಾಕಾ ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಕೊಟ್ಟಿಗೆಯ ಕೀಲಿ ತಂದು ಕೈಗೆ ಕೊಟ್ರು.

ಈಗ ಗಾಡಿಯ ವಿಷಯಕ್ಕೆ ಬರ್ತೀನಿ. ಆರ್‌ಎಕ್ಸ್ ಅಂದ್ರೆ ಕಣ್ಣರಳಿಸೋರಿಗೆ ಇದೆಲ್ಲಾ ಗೊತ್ತಿರುತ್ತೆ, ಉಳಿದವರಿಗಾಗಿ ಹೇಳ್ತೀನಿ. 1985ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಜೊತೆ ಸೇರಿ ಇದನ್ನ ಭಾರತಕ್ಕೆ ತಂದಿತು. 98 ಸಿಸಿ, 11 ಅಶ್ವಶಕ್ತಿ, ನಾಲ್ಕು ಗೇರು, ಒಟ್ಟು ತೂಕ ಕ್ವಿಂಟಾಲ್ ಆಸುಪಾಸು. ಆಗಿನ ಕಾಲಕ್ಕೆ ಇಷ್ಟು ಹಗುರ ಗಾಡಿಗೆ ಅಷ್ಟು ಜೋರು ಅಂದ್ರೆ ದೊಡ್ಡ ಮಾತು. 1996ರಲ್ಲಿ ತಯಾರಿಕೆ ನಿಂತಿತು. ಅಂದ್ರೆ ನಾನು ಹುಟ್ಟೋ ಹೊತ್ತಿಗೆ ಈ ಗಾಡಿ ಆಗಲೇ ಹಳೇದು. ಇದರ ತಮ್ಮ ಆರ್‌ಎಕ್ಸ್ 135 2005ರವರೆಗೆ ಬಂತು, ಆಮೇಲೆ ಹೊಗೆಯ ನಿಯಮಗಳು ಟೂ-ಸ್ಟ್ರೋಕ್ ಬೈಕುಗಳಿಗೇ ಬಾಗಿಲು ಹಾಕಿದವು. 2018ರಲ್ಲಿ ತೆಲುಗಿನಲ್ಲಿ ಇದೇ ಹೆಸರಿನ ಸಿನೆಮಾ ಬಂತು. ನಮ್ಮ ಗಡಿ ಭಾಗದಲ್ಲಿ ತೆಲುಗು ಸಿನೆಮಾ ಬಂದಮೇಲೆ ಕೇಳಬೇಕೇ, ಕೊಟ್ಟಿಗೆಯಲ್ಲಿ ಬಿದ್ದ ಗಾಡಿಗಳಿಗೂ ರೇಟು ಬಂತು.

ಈ ರೇಟಿನ ಬಗ್ಗೆ ನನಗೆ ಸಿಟ್ಟಿದೆ. ಬೆಂಗಳೂರಿನಲ್ಲಿ ಆರ್‌ಎಕ್ಸ್ 'ರೆಸ್ಟೋರ್' ಮಾಡಿಸೋದು ಅಂದ್ರೆ ಏನಾಗಿದೆ ಅಂದ್ರೆ, ಎಲ್ಲದಕ್ಕೂ ಕ್ರೋಮ್ ಹಚ್ಚಿಸೋದು, ಕನ್ನಡಿ ಹಾಗೆ ಹೊಳೆಯೋ ಬಣ್ಣ ಹೊಡೆಸೋದು, ಭಾನುವಾರ ಬೆಳಿಗ್ಗೆ ಹೋಟೆಲ್ ಮುಂದೆ ನಿಲ್ಲಿಸಿ ಫೋಟೋ ತೆಗೆಯೋದು. ಒಳಗೆ ಕ್ರ್ಯಾಂಕಿನ ಬೇರಿಂಗ್ ಗಡಗಡ ಅಂತಿರುತ್ತೆ, ಅದನ್ನ ಯಾರೂ ಬಿಚ್ಚಿ ನೋಡಿರಲ್ಲ. ನಮ್ಮ ಫೀಲ್ಡಿನಲ್ಲೂ ಇಂಥದ್ದು ನೋಡಿದ್ದೀನಿ, ಇಪ್ಪತ್ತು ವರ್ಷದ ಹಳೆ ಕೋಡಿಗೆ ಹೊಸ ಸ್ಕ್ರೀನ್ ಅಂಟಿಸಿ 'ವರ್ಶನ್ 2' ಅಂತ ಹೆಸರಿಟ್ಟು ಬಿಡೋದು. ಇದಕ್ಕೆ ವಿರುದ್ಧ ಇನ್ನೊಂದು ಗುಂಪಿದೆ. ಕಾಗದ ಪತ್ರ ಸರಿ ಇರೋ, ಓಡ್ತಾ ಇರೋ ಒಳ್ಳೆ ಗಾಡಿಯನ್ನ ತಂದು ಚೇಸಿಸ್ ಕೊಯ್ದು, ವೆಲ್ಡಿಂಗ್ ಹೊಡೆದು 'ಡರ್ಟ್ ಬೈಕ್' ಮಾಡ್ತಾರೆ. ಮೊದಲನೆಯವರು ಗಾಡಿಯನ್ನ ಗೊಂಬೆ ಮಾಡ್ತಾರೆ, ಎರಡನೆಯವರು ಕೊಲ್ಲುತ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ ಮಣ್ಣಿನ ರೇಸಿಗೆ ತಗೋಬೇಕಾದ್ದು ನಮ್ಮ ಕಾಕಾನ ಗಾಡಿಯಂಥದ್ದನ್ನೇ, ಯಾರಿಗೂ ಬೇಡವಾದದ್ದನ್ನ. ತಗೊಂಡ ಮೇಲೂ ಅದರ ಒಂದು ಕೊಳವೆಯನ್ನೂ ಕೊಯ್ಯಬಾರದು. ನಾವು ಬಿಚ್ಚಿದ ಹೆಡ್‌ಲೈಟು, ಮೂಲ ಸೈಲೆನ್ಸರು, ಮೀಟರು, ಕ್ರೋಮಿನ ಮಡ್‌ಗಾರ್ಡು ಎಲ್ಲಾ ಎರಡು ಗೋಣಿಚೀಲದಲ್ಲಿ ಚೀಟಿ ಬರೆದು ಕಟ್ಟಿಟ್ಟಿದ್ದೀವಿ. ಯಾವತ್ತಾದ್ರೂ ಯಾರಿಗಾದ್ರೂ ಹಿಂದಕ್ಕೆ ಹೋಗಬೇಕು ಅನಿಸಿದ್ರೆ ದಾರಿ ಇರಲಿ ಅಂತ.

ರಿಪೇರಿ ಶುರು ಮಾಡಿದಾಗ ಗೊತ್ತಾದ್ದು, ಟೂ-ಸ್ಟ್ರೋಕ್ ಇಂಜಿನ್ ಎಷ್ಟು ಸರಳವೋ ಅಷ್ಟೇ ಹಠಮಾರಿ ಅಂತ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಕ್ರ್ಯಾಂಕು ಒಂದು ಸುತ್ತು ಸುತ್ತಿದ್ರೆ ಒಂದು ಸಲ ಉರಿಯುತ್ತೆ. ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ. ಆದ್ರೆ ಕೆಳಗಿನ ಕ್ರ್ಯಾಂಕ್‌ಕೇಸೇ ಇಲ್ಲಿ ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಗಾಳಿ-ಪೆಟ್ರೋಲು ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತೆ. ಈ ಪಂಪಿನಲ್ಲಿ ಎಲ್ಲೇ ಸಣ್ಣ ತೂತಿದ್ರೂ ಕಥೆ ಮುಗೀತು. ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರಿನ ಆಯಿಲ್ ಸೀಲ್ ಇರ್ತವೆ. ಗಾಡಿ ವರ್ಷಗಟ್ಟಲೆ ನಿಂತ್ರೆ ಅವು ಒಣಗಿ ಕಟ್ಟಿಗೆಯಾಗ್ತವೆ. ಬಲಗಡೆ, ಅಂದ್ರೆ ಕ್ಲಚ್ ಕಡೆಯದು ಹೋದ್ರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಊರೆಲ್ಲಾ ಹೊಗೆ. ಅದು ಪರವಾಗಿಲ್ಲ, ಕಣ್ಣಿಗೆ ಕಾಣುತ್ತೆ. ಎಡಗಡೆ, ಮ್ಯಾಗ್ನೆಟ್ ಕಡೆಯದು ಹೋದ್ರೆ ಬರೀ ಗಾಳಿ ಎಳೆಯುತ್ತೆ. ಹೊಗೆ ಇಲ್ಲ, ಸದ್ದಿಲ್ಲ, ಗಾಡಿ ಮೊದಲಿಗಿಂತ ಚುರುಕಾಗಿ ಓಡ್ತಿದೆ ಅನಿಸುತ್ತೆ. ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿ, ಬಿಸಿಯಾಗಿ, ಒಂದಿನ ಫುಲ್ ರೇಸಿನಲ್ಲಿ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತೆ. ಆಗ ನೀವು ಎಲ್ಲಿರ್ತೀರಿ ಅನ್ನೋದರ ಮೇಲೆ ನಿಮ್ಮ ಹಣೆಬರಹ.

ಇದನ್ನ ಪರೀಕ್ಷೆ ಮಾಡೋಕೆ ನಾನು ಬಳಸಿದ್ದು ಅಪ್ಪನ ಹಳೆ ಬಿಪಿ ಮಷೀನು! ನಗಬೇಡಿ. ಇಂಜಿನ್ನಿನ ಒಳಗೆ ಸುಮಾರು ಆರು ಪಿಎಸ್‌ಐ ಗಾಳಿ ತುಂಬಿ, ಅದು ಇಳಿಯುತ್ತಾ ಅಂತ ನೋಡಬೇಕು. ಬಿಪಿ ಮಷೀನಿನ ಮೀಟರು 300 ಮಿಲಿಮೀಟರ್ ತನಕ ಇದೆ, ಅಂದ್ರೆ 5.8 ಪಿಎಸ್‌ಐ. ಸರಿಯಾಗಿ ನಮಗೆ ಬೇಕಾದ್ದೇ. ಎಕ್ಸಾಸ್ಟ್ ಬಾಯಿಗೆ, ಕಾರ್ಬೊರೇಟರ್ ಬಾಯಿಗೆ ಹಳೆ ಟ್ಯೂಬಿನ ರಬ್ಬರ್ ತುಂಡು ಇಟ್ಟು ಪಟ್ಟಿ ಬಿಗಿದು, ಪಿಸ್ಟನ್ ಕೆಳಗಿಟ್ಟು, ಪ್ಲಗ್ಗಿನ ತೂತಿನಿಂದ ಬುಸ್ ಬುಸ್ ಅಂತ ಒತ್ತಿದೆ. ಮುಳ್ಳು 300ಕ್ಕೆ ಹೋಗಿ ನೋಡ್ತಾ ನೋಡ್ತಾ ಇಳಿದುಬಿಡ್ತು. ಸೋಪಿನ ನೀರು ಹಚ್ಚಿದ್ರೆ ಮ್ಯಾಗ್ನೆಟ್ ಕಡೆ ಗುಳ್ಳೆ. ನನ್ನ ಇಂಜಿನಿಯರಿಂಗ್ ಡಿಗ್ರಿ ಊರಲ್ಲಿ ಯಾರಿಗಾದ್ರೂ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಅಪ್ಪ ಮಾತ್ರ "ನನ್ನ ಬಿಪಿ ನೋಡೂದು ಬಿಟ್ಟು ಗಾಡಿದು ನೋಡ್ಲತ್ತಾನ" ಅಂತ ಬಂದವರಿಗೆಲ್ಲಾ ಹೇಳಿದ್ರು.

ಎರಡೂ ಸೀಲು ಬದಲಾಯಿಸಿದೆವು. ಕ್ರ್ಯಾಂಕು ಹೈದರಾಬಾದಿಗೆ ಹೋಗಿ ಹೊಸ ಕನೆಕ್ಟಿಂಗ್ ರಾಡು ಹಾಕಿಸಿಕೊಂಡು ಬಂತು. ಸಿಲಿಂಡರು ಆಗಲೇ ಎರಡು ಸಲ ಬೋರ್ ಆಗಿತ್ತು, ಅದರ ಮೇಲೂ ಗೀರು. ಮೂಲದಲ್ಲಿ ಬೋರೂ 50 ಮಿ.ಮೀ., ಸ್ಟ್ರೋಕೂ 50 ಮಿ.ಮೀ. ನಾವು 0.75 ದೊಡ್ಡ ಪಿಸ್ಟನ್ ಹಾಕಿಸಿದೆವು. ಲೆಕ್ಕ ಹಾಕಿದ್ರೆ 101 ಸಿಸಿ ಚಿಲ್ಲರೆ. ತಮ್ಮನಿಗೆ ಆ ಮೂರು ಸಿಸಿ ಕೇಳಿಯೇ ಅರ್ಧ ಖುಷಿ. ಇನ್ನೊಂದೇ ಒಂದು ಸಲ, 1 ಮಿ.ಮೀ. ತನಕ ಹೋಗಬಹುದು, ಅದಾದ ಮೇಲೆ ಹೊಸ ಸ್ಲೀವೇ ಗತಿ.

ಇನ್ನೊಂದು ವಿಷಯ ಹಳೆ ಗಾಡಿ ಇಟ್ಟವರೆಲ್ಲಾ ಗಮನಿಸಬೇಕು. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರ ತನಕ ಎಥನಾಲ್ ಇರುತ್ತೆ. 1992ರಲ್ಲಿ ಈ ಕಾರ್ಬೊರೇಟರ್ ಸೆಟ್ ಮಾಡಿದವರಿಗೆ ಅದು ಕನಸಲ್ಲೂ ಗೊತ್ತಿರಲಿಲ್ಲ. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಕೊಂಡು ಬರುತ್ತೆ, ಅದಕ್ಕೆ ಅದೇ ಗಾಳಿಗೆ ಸುಮಾರು 7-8 ಪ್ರತಿಶತ ಹೆಚ್ಚು ಇಂಧನ ಬೇಕು. ಹಳೆ ಜೆಟ್ಟಿನಲ್ಲೇ ಓಡಿಸಿದ್ರೆ ಇಂಜಿನ್ ಸದಾ ಅರೆಹೊಟ್ಟೆ. ದೊಡ್ಡ ಮೇನ್ ಜೆಟ್ ಹಾಕಿ, ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ, ಬಿಳಿ ಇದ್ರೆ ಇನ್ನೂ ದೊಡ್ಡದು, ಚಹಾದ ಬಣ್ಣ ಬಂದ್ರೆ ಸರಿ. ಪೆಟ್ರೋಲಿನ ರಬ್ಬರ್ ಪೈಪು, ವಾಷರ್ ಎಲ್ಲಾ ಹೊಸವು ಹಾಕಬೇಕು, ಹಳೇವು ಉಬ್ಬಿ ಕೊಳೀತವೆ. ಆಯಿಲ್ ಪಂಪು ತೆಗೆದುಹಾಕಿ, ಮೊದಲಿನ ಲೂನಾ ಕಾಲದವರ ಹಾಗೆ ಲೀಟರಿಗೆ 40 ಮಿಲಿ ಟೂಟಿ ಆಯಿಲ್ ಕೈಯಾರೆ ಬೆರೆಸಿ ಹಾಕ್ತೀವಿ.

ಈಗ ಜಗಳಕ್ಕೆ ಬರೋಣ. ಇಂಜಿನ್ ಸರಿಯಾದ ದಿನವೇ ತಮ್ಮ ಕೇಳಿದ್ದು ಸೈಲೆನ್ಸರು. ಹೊಟ್ಟೆ ಉಬ್ಬಿದ, ಬಾಲ ಸಣ್ಣದಾದ, ರೇಸಿನ ಪೈಪು. ಅದು ತಮಾಷೆಯ ವಸ್ತು ಅಲ್ಲ, ಅದರ ಹಿಂದೆ ದೊಡ್ಡ ಕಥೆ ಇದೆ. ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅಂತ ಇಂಜಿನಿಯರ್ ಇದ್ದ. ಎಕ್ಸಾಸ್ಟಿನ ಒತ್ತಡದ ಅಲೆ ಪೈಪಿನ ತುದಿಗೆ ಬಡಿದು ವಾಪಸ್ ಬಂದು, ಉರಿಯದೆ ಹೊರಗೆ ಓಡ್ತಿರೋ ಪೆಟ್ರೋಲನ್ನ ಮತ್ತೆ ಸಿಲಿಂಡರಿನೊಳಗೆ ತಳ್ಳೋ ಹಾಗೆ ಪೈಪಿನ ಆಕಾರ ಲೆಕ್ಕ ಹಾಕಿ ಕೂರಿಸಿದವನು ಅವನು. 1961ರಲ್ಲಿ ಅವನ ರೈಡರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿಗೆ ಹೋದವನು ಅಲ್ಲಿಂದಲೇ ಪಶ್ಚಿಮಕ್ಕೆ ಓಡಿಹೋಗಿ, ಈ ವಿದ್ಯೆಯನ್ನೆಲ್ಲಾ ಜಪಾನಿನ ಸುಜುಕಿಗೆ ಕೊಟ್ಟ. ಮರುವರ್ಷ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್. ಬೀದರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಮಡಚಿ ಮಾಡೋ ಪೈಪಿನ ಅಜ್ಜ ಅದು.

ಆದ್ರೆ ಅಲೆ ಸರಿಯಾದ ಹೊತ್ತಿಗೆ ವಾಪಸ್ ಬರೋದು ಒಂದು ಸಣ್ಣ ಆರ್‌ಪಿಎಂ ಪಟ್ಟಿಯಲ್ಲಿ ಮಾತ್ರ. ಅದರ ಕೆಳಗೆ ಗಾಡಿ ಸತ್ತ ಹಾಗೆ, ಅದರೊಳಗೆ ಬಂದ ತಕ್ಷಣ ಹುಚ್ಚು ಕುದುರೆ. ಮಣ್ಣಿನ ತಿರುವಿನಲ್ಲಿ ಹೊಸಬನಿಗೆ ಅದು ಬೇಡವೇ ಬೇಡ. ನಾನು ಹೇಳಿದೆ, ಮೊದಲು ಬ್ರೇಕು, ಆಮೇಲೆ ಸಸ್ಪೆನ್ಶನ್, ಆಮೇಲೆ ಟೈರು, ಕೊನೆಗೆ ಬೇಕಿದ್ರೆ ಪೈಪು. ತಮ್ಮ ಮುಖ ಸಣ್ಣಗೆ ಮಾಡಿ, "ಓಡ್ಲಾಕೇ ಇನ್ನಾ ಚಾಲೂ ಆಗಿಲ್ಲ, ನಿಲ್ಸಲಾಕ ಯಾಕಣ್ಣಾ ಇಷ್ಟ್ ಅವಸರ?" ಅಂದ. ಪಂಚಾಯ್ತಿ ಬೀದರಿನ ಉಸ್ತಾದ್ ಹತ್ರ ಹೋಯ್ತು. ಅವರು ಕಾಕಾನ ಕಾಲದಿಂದ ಈ ಗಾಡಿ ಬಲ್ಲೋರು. ಬೀಡಿ ಕೆಳಗಿಟ್ಟು ಒಂದೇ ಮಾತು ಹೇಳಿದ್ರು: "ಪೈಲೇ ಬ್ರೇಕ್ ದೇಖೋ ಭಾಯ್, ರೇಸ್ ಬಾದ್ ಮೇ." ನಾನು ಹೇಳಿದ್ರೆ ಕೇಳದವನು ಉಸ್ತಾದ್ ಹೇಳಿದ್ರೆ ಕೇಳಿದ. ಸಾಫ್ಟ್‌ವೇರ್‌ನವರ ಮಾತಿಗೆ ಊರಲ್ಲಿ ಇಷ್ಟೇ ಬೆಲೆ.

ಆರ್‌ಎಕ್ಸ್‌ದು ಮುಂದೆ ಹಿಂದೆ ಎರಡೂ ಡ್ರಮ್ ಬ್ರೇಕು. ಹೊಸ ಲೈನರ್ ಹಾಕಿಸಿ, ಡ್ರಮ್ ಲೇಥ್ ಹಿಡಿಸಿ, ಹೊಸ ಕೇಬಲ್ ಹಾಕಿದ್ರೆ ಮಣ್ಣಿಗೆ ಧಾರಾಳ ಸಾಕು. ಡಿಸ್ಕ್ ಹಾಕಿಸೋಕೆ ಹೋಗಿ ದುಡ್ಡು ಕಳ್ಕೋಬೇಡಿ, ಮಣ್ಣಲ್ಲಿ ಟೈರಿನ ಹಿಡಿತವೇ ಕಮ್ಮಿ ಇರುವಾಗ ಡಿಸ್ಕಿನ ಜೋರು ಎಲ್ಲಿಗೆ? ಎರಡೂ ಚಕ್ರ 18 ಇಂಚಿನವು. ನಿಜವಾದ ಮೋಟೊಕ್ರಾಸ್ ಬೈಕಿಗೆ ಮುಂದೆ 21 ಇಂಚಿನ ದೊಡ್ಡ ಚಕ್ರ ಇರುತ್ತೆ, ಗುಂಡಿಯೊಳಗೆ ಬೀಳದೆ ದಾಟೋಕೆ. ನಾವು ಗುಬ್ಬಿ ಗುಬ್ಬಿ ಟೈರು ಹಾಕಿ ಅದರಲ್ಲೇ ತೃಪ್ತಿಪಟ್ಟೆವು. ಹಿಂದಿನ ಸ್ಪ್ರಾಕೆಟ್ಟಿಗೆ ನಾಲ್ಕು ಹಲ್ಲು ಹೆಚ್ಚು. ಮುಂದಿನ ಫೋರ್ಕಿಗೆ ದಪ್ಪ ಆಯಿಲ್, ಹಿಂದೆ ಸ್ವಲ್ಪ ಉದ್ದದ ಶಾಕ್‌ಗಳು.

ಸಸ್ಪೆನ್ಶನ್ ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಂದ್ರೆ ಮೋಟೊಕ್ರಾಸ್ ಚರಿತ್ರೆ ನೋಡಬೇಕು. ಬೆಲ್ಜಿಯಮ್ಮಿನ ಲೂಸಿಯಾನ್ ಟಿಲ್ಕೆನ್ಸ್ ಹಿಂದೆ ಎರಡು ಶಾಕ್ ಬದಲು ಒಂದೇ ಉದ್ದದ ಶಾಕ್ ಇಡೋ ವಿಧಾನ ಹುಡುಕಿದ. ಯಮಹಾ ಅದನ್ನ ತಗೊಂಡು 1973ರಲ್ಲಿ ಹಾಕಾನ್ ಆಂಡರ್ಸನ್ ಕೈಯಲ್ಲಿ 250 ಸಿಸಿ ವಿಶ್ವ ಪಟ್ಟ ಗೆದ್ದಿತು. ಕೆಲವೇ ವರ್ಷಗಳಲ್ಲಿ ಎಲ್ಲಾ ಕಂಪನಿಗಳೂ ಚಕ್ರ ಎಷ್ಟು ಮೇಲೆ ಕೆಳಗೆ ಆಡುತ್ತೆ ಅನ್ನೋದರ ಹಿಂದೆ ಬಿದ್ದವು. ಮಣ್ಣಲ್ಲಿ ಚಕ್ರ ನೆಲ ಬಿಟ್ಟು ಗಾಳಿಯಲ್ಲಿದ್ರೆ ಹನ್ನೊಂದು ಕುದುರೆ ಆದ್ರೇನು, ಮೂವತ್ತು ಆದ್ರೇನು.

ಮಡ್‌ಗಾರ್ಡಿನ ಪಾಠ ಮಾತ್ರ ಪುಸ್ತಕದಿಂದ ಬರಲಿಲ್ಲ. ಮೋಟೊಕ್ರಾಸ್ ಗಾಡಿಯ ಮುಂದಿನ ಮಡ್‌ಗಾರ್ಡು ಚಕ್ರದಿಂದ ಅಷ್ಟು ಮೇಲೆ ಯಾಕಿರುತ್ತೆ, ಸ್ಟೈಲಿಗಾ ಅಂತ ನಾನೂ ಅಂದುಕೊಂಡಿದ್ದೆ. ಸೋಯಾ ಕಟಾವಾದ ನಮ್ಮ ಹೊಲದಲ್ಲಿ ಮಳೆ ಬಂದ ಮರುದಿನ ಓಡಿಸೋಕೆ ಹೋದೆವು. ನಮ್ಮದು ಕರಿ ಎರಿ ಮಣ್ಣು. ಐವತ್ತು ಮಾರು ಹೋಗೋದ್ರೊಳಗೆ ಮಡ್‌ಗಾರ್ಡಿನ ಸಂದಿಯಲ್ಲಿ ಮಣ್ಣು ತುಂಬಿ ಮುಂದಿನ ಚಕ್ರ ತಿರುಗೋದೇ ನಿಂತಿತು, ತಮ್ಮ ಹ್ಯಾಂಡಲ್ ಮೇಲಿಂದ ಹಾರಿ ತೊಗರಿ ಸಾಲಲ್ಲಿ ಬಿದ್ದ. ಎತ್ತು ಹೂಡಿ ಗಾಡಿ ಎಳೆಸಬೇಕಾಯ್ತು. ಅವತ್ತೇ ಮಡ್‌ಗಾರ್ಡು ಮೇಲೆ ಹೋಯ್ತು, ನಾವೂ ಜಾಗ ಬದಲಾಯಿಸಿದೆವು. ಪರಿಚಯದವರೊಬ್ಬರ ಹೊಲದಂಚಿಗೆ ಮುರುಮ ತೆಗೆದು ಬಿಟ್ಟ ಹಳೆ ಗುಂಡಿ ಇತ್ತು. ಕೆಂಪು ನೆಲ, ಮಳೆ ನಿಂತ ಅರ್ಧ ದಿನಕ್ಕೆ ಒಣಗುತ್ತೆ, ಟೈರಿಗೆ ಹಿಡಿತ ಇರುತ್ತೆ, ತಾನೇ ತಾನಾಗಿ ಏರಿಳಿತ ಇದೆ. ಬೀದರ್ ಕೋಟೆ ಕಟ್ಟಿದ ಕೆಂಪು ಜಂಬಿಟ್ಟಿಗೆಯ ನೆಲವೇ ಇದು. ಬೇರೆ ದೇಶದಲ್ಲಿ ಲಕ್ಷಗಟ್ಟಲೆ ಸುರಿದು ಇಂಥ ನೆಲ ಮಾಡ್ತಾರೆ, ನಮಗೆ ಪುಕ್ಕಟೆ ಬಿದ್ದಿದೆ.

2025ರ ನವೆಂಬರಿನಲ್ಲಿ ಬೆಂಗಳೂರಿನ ಹೊರಗೆ ಒಂದು ಮಣ್ಣಿನ ರೇಸು. ಹಳೆ ಟೂ-ಸ್ಟ್ರೋಕ್ ಗಾಡಿಗಳಿಗೆ ಬೇರೆ ವಿಭಾಗ ಇತ್ತು. ತಮ್ಮನಿಗೆ ಹೆಲ್ಮೆಟು, ಎದೆ-ಬೆನ್ನಿನ ಕವಚ, ಮೊಣಕಾಲಿನ ಗಾರ್ಡು, ಬೂಟು ಕೊಡಿಸಿದೆ. ಅದಕ್ಕೇ ಗಾಡಿಯ ಅರ್ಧ ಖರ್ಚಷ್ಟಾಯ್ತು. ಸಂತಪುರದಿಂದ ಏಳುನೂರು ಕಿಲೋಮೀಟರಿನ ಮೇಲೆ ದಾರಿ. ಗಾಡಿ ಛೋಟಾ ಹಾಥಿಯಲ್ಲಿ, ನಾವು ಅದರ ಹಿಂದೆ ಬಸ್ಸಲ್ಲಿ. ಆರು ಸುತ್ತಿನ ರೇಸು, ಹತ್ತೊಂಬತ್ತು ಜನ. ಮೊದಲ ತಿರುವಿನಲ್ಲೇ ತಮ್ಮ ಬಿದ್ದ. ಎದ್ದ. ಮೂರನೇ ಸುತ್ತಿನಲ್ಲಿ ಮತ್ತೆ ಬಿದ್ದ. ಒಟ್ಟು ಹದಿನಾಲ್ಕನೇ ಸ್ಥಾನ. ಅವನ ಹಿಂದಿದ್ದ ಐವರಲ್ಲಿ ಮೂವರ ಗಾಡಿ ನಿಂತುಹೋಗಿದ್ದವು, ಆದ್ರೆ ಆ ಮಾತನ್ನ ನಾನು ಊರಲ್ಲಿ ಹೇಳಿಲ್ಲ :) ಎರಡು ಸಲ ಬಿದ್ದ ಹುಡುಗ ಮೈಯೆಲ್ಲಾ ಮಣ್ಣಾಗಿ ನಗ್ತಾ ಬಂದ. ಅದೇ ಬೀಳೋದು ಔರಾದ್ ರಸ್ತೆಯಲ್ಲಾಗಿದ್ರೆ?

ಅಲ್ಲಿ ನೋಡಿದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ತಿರುವು ತಿರುವಿಗೆ ಬಾವುಟ ಹಿಡಿದ ಜನ, ಒಂದು ಆಂಬ್ಯುಲೆನ್ಸು, ಸ್ಟಾರ್ಟಿಗೆ ಮೊದಲು ಪ್ರತಿ ಗಾಡಿಯ ಬ್ರೇಕು ತಪಾಸಣೆ. ಇಷ್ಟೇ. ಬೀದರಿನ ಹುಡುಗರಿಗೆ ಇಲ್ಲದಿರೋದು ಇಷ್ಟೇ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಆದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನೇ ಮುಗಿಸಿದರು. ಬಿಗ್ ಬಾಸ್ ನೋಡೋರಿಗೆ ಅವರನ್ನ ಪರಿಚಯ ಮಾಡಿಕೊಡಬೇಕಿಲ್ಲ. ಇಬ್ಬರೂ ಇಂಥ ಮಣ್ಣಿನ ರೇಸುಗಳಲ್ಲೇ ಕಲಿತು ಬೆಳೆದವರು. ಟೂ-ಸ್ಟ್ರೋಕ್ ಚರಿತ್ರೆಯೂ ನಮ್ಮ ರಾಜ್ಯದ್ದು ಸಣ್ಣದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ಜಾವಾ, ಯೆಜ್ಡಿ ಮಾಡಿತು. ಆ ಜಾವಾ ಬಂದ ಜೆಕೊಸ್ಲೊವಾಕಿಯಾದ್ದೇ ಇನ್ನೊಂದು ಗಾಡಿ ಸಿಝಡ್, ಅದರ ಮೇಲೆ ಕೂತು ಜೋಯೆಲ್ ರೊಬೇರ್ 1964ರಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದ. ಆದ್ರೆ ಇದೆಲ್ಲಾ ಮೈಸೂರು, ಬೆಂಗಳೂರು, ಕರಾವಳಿಯ ಕಥೆ. ನಮ್ಮ ಕಡೆ ಆರ್‌ಎಕ್ಸ್ ಇದೆ, ಉಸ್ತಾದ್‌ಗಳಿದ್ದಾರೆ, ಹುಡುಗರಿದ್ದಾರೆ, ಕೆಂಪು ನೆಲ ಇದೆ. ರೇಸ್ ಬಿಡೋಕೆ ಮಾತ್ರ ರೋಡೊಂದೇ.

ನಮ್ಮೂರ ಹಿರಿಯರಿಗೆ ನಾನು ಕೇಳೋದು ಇದು. ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯೋಕೆ ನಮಗೊಂದು ದಿನ ಇದೆ, ಜಾಗ ಇದೆ, ಯಾರು ಎಲ್ಲಿ ನಿಲ್ಲಬೇಕು ಅನ್ನೋ ಕ್ರಮ ಇದೆ. ಎತ್ತು ಸಿಟ್ಟಿನ ಪ್ರಾಣಿ, ಯಾವತ್ತೋ ಓಡೇ ಓಡುತ್ತೆ, ಅದಕ್ಕೆ ನಾವೇ ದಿಕ್ಕು ತೋರಿಸಿ ಓಡಿಸೋಣ ಅಂತ ನಮ್ಮ ಹಿಂದಿನವರು ಯೋಚಿಸಿರಬೇಕು. ಹತ್ತೊಂಬತ್ತು ವರ್ಷದ ಹುಡುಗರ ವಿಷಯದಲ್ಲಿ ಅಷ್ಟೂ ಬುದ್ಧಿ ಬೇಡವಾ? ಜಿಲ್ಲೆಯಲ್ಲಿ ಉಳುಮೆಗೆ ಬಾರದ ಮುರುಮದ ಗುಂಡಿಗಳು ಎಷ್ಟಿಲ್ಲ? ಒಂದನ್ನ ಬೇಲಿ ಹಾಕಿ, ತಿಂಗಳಿಗೆ ಎರಡು ಭಾನುವಾರ ತೆರೆದು, ಕವಚ ಇಲ್ಲದವರನ್ನ ಒಳಗೆ ಬಿಡದೆ, ಒಂದು ಆಂಬ್ಯುಲೆನ್ಸ್ ನಿಲ್ಲಿಸಿದ್ರೆ ಸಾಕು. ಕೋಟಿ ರೂಪಾಯಿಯ ಸ್ಟೇಡಿಯಂ ಯಾರು ಕೇಳಿದ್ರು?

ವಿರೋಧ ಏನೇನು ಬರುತ್ತೆ ಗೊತ್ತು. ಹೊಗೆ ಅಂತೀರಿ. ನಿಜ, ಟೂ-ಸ್ಟ್ರೋಕ್ ಕೊಳಕು ಇಂಜಿನ್ನೇ. ಹಾಕಿದ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯದೆ ಹೊರಗೆ ಹೋಗುತ್ತೆ, ಅದನ್ನ ರೋಡಿಂದ ತೆಗೆದದ್ದು ಸರಿಯಾಗೇ ಇದೆ. ನಾನು ದಿನಾ ಆಫೀಸಿಗೆ ಇದರಲ್ಲಿ ಹೋಗೋಣ ಅಂತಿಲ್ಲ, ತಿಂಗಳಿಗೆ ನಾಲ್ಕು ಗಂಟೆ ಅಂತಿದ್ದೀನಿ. ಸದ್ದು ಅಂತೀರಿ, ಅದಕ್ಕೇ ಊರಾಚೆ ಗುಂಡಿ. ಕಾನೂನು ಅಂತೀರಿ, ಕಾನೂನು ನನ್ನ ಕಡೆಯೇ ಇದೆ. ಕಂಪನಿ ಕೊಟ್ಟ ಸ್ವರೂಪ ಬದಲಾಯಿಸಿದ ಗಾಡಿ ರೋಡಿಗೆ ನಡೆಯಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾದ್ರೆ ಬದಲಾಯಿಸಿದ ಗಾಡಿಗೆ ರೋಡಲ್ಲದ ಜಾಗ ಬೇಕಲ್ಲ? ಕಷ್ಟದ ಪ್ರಶ್ನೆ ಒಂದೇ: ಟ್ರ್ಯಾಕ್ ಇದ್ರೆ ಹುಡುಗರು ರೋಡ್ ರೇಸ್ ಬಿಡ್ತಾರಾ? ಎಲ್ಲರೂ ಬಿಡ್ತಾರೆ ಅಂತ ನಾನು ಬಾಂಡ್ ಪೇಪರಿನಲ್ಲಿ ಬರೆದುಕೊಡಲಾರೆ. ನಮ್ಮ ತಮ್ಮನ ಮಟ್ಟಿಗೆ ಹೇಳಬಲ್ಲೆ. ಒಂದು ಸಲ ಟ್ರ್ಯಾಕಿನಲ್ಲಿ ಹದಿಮೂರು ಜನ ಅವನನ್ನ ಹಿಂದೆ ಹಾಕಿದ ಮೇಲೆ, ರೋಡಲ್ಲಿ ಯಾರನ್ನೋ ಹಿಂದೆ ಹಾಕಿದ್ದನ್ನ ದೊಡ್ಡದಾಗಿ ಹೇಳೋದು ನಿಲ್ಲಿಸಿದ್ದಾನೆ.

ತೊಡೆಯಲ್ಲಿ ರಾಡಿರೋ ಅವನ ದೋಸ್ತ್ ಈಗ ಗುಂಡಿಯ ದಂಡೆಗೆ ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ಸುತ್ತಿನ ಟೈಮು ಬರ್ಕೋತಾನೆ. ಕಾಕಾ ಒಂದೇ ಒಂದು ಸಲ ಬಂದಿದ್ರು. ಗಾಡಿ ಸುತ್ತ ತಿರುಗಿ, ಹೆಡ್‌ಲೈಟಿನ ಜಾಗದಲ್ಲಿ ಕೈ ಆಡಿಸಿ, "ಇಲ್ಲಿ ಲೈಟ್ ಮತ್ ಹಚ್ಚಂಗಿಲ್ಲಲ್ಲಾ?" ಅಂದ್ರು. "ಇಲ್ಲ ಕಾಕಾ, ವೈರಿಂಗೇ ತಗದೀವ್ರಿ" ಅಂದೆ. ತಲೆ ಆಡಿಸಿ ಹೋಗಿ ಬೇವಿನ ನೆರಳಲ್ಲಿ ಕೂತ್ರು.

ಅಂದ ಹಾಗೆ, ಹೊಸ ಪಿಸ್ಟನ್ನಿಗೆ ಈಗಲೇ ಸಣ್ಣ ಗೀರು ಬಿದ್ದಿದೆ. 1 ಮಿ.ಮೀ. ಓವರ್‌ಸೈಜಿನ ಒಳ್ಳೆ ಪಿಸ್ಟನ್ ಶಿವಾಜಿನಗರದಲ್ಲೋ ಜೆ.ಸಿ. ರೋಡಿನಲ್ಲೋ ಯಾರ ಕಣ್ಣಿಗಾದ್ರೂ ಬಿದ್ರೆ ದಯವಿಟ್ಟು ತಿಳಿಸಿ. ನಕಲಿ ಬೇಡ, ಡಬ್ಬಿ ಹರಿದಿದ್ರೂ ಪರವಾಗಿಲ್ಲ.